ಶುಕ್ರವಾರ ಅರಿಶಿನ, ಸೋಮವಾರ ನಿಂಬೆಹಣ್ಣು: ಡಿಜಿಟಲ್ ಪ್ರೆಸ್ಸಿನ ಬಣ್ಣವನ್ನು ಹದಕ್ಕೆ ತರುವ ಕ್ರಮ

ಎಂಟುನೂರು ಲಗ್ನಪತ್ರಿಕೆ. ಹಿನ್ನೆಲೆಗೆ ಅರಿಶಿನ, ಅದರ ಮೇಲೆ ಕುಂಕುಮದ ಅಕ್ಷರ. ಶುಕ್ರವಾರ ಸಂಜೆ ಐನೂರು ಮುದ್ರಿಸಿ, ಉಳಿದ ಮುನ್ನೂರನ್ನು ಸೋಮವಾರ ಬೆಳಿಗ್ಗೆ ಹೊಸ ಕಟ್ಟು ಒಡೆದು ಮುದ್ರಿಸಿದೆವು. ಮದುಮಗಳ ತಂದೆ ಎರಡೂ ಕಂತೆಯಿಂದ ಒಂದೊಂದು ಪತ್ರಿಕೆ ಎಳೆದು ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟರು. "ಇದು ಅರಿಶಿನ, ಇದು ನಿಂಬೆಹಣ್ಣು. ಎರಡೂ ಒಂದೇ ಮದುವೆಯದೇ ಸ್ವಾಮಿ?" ಎಂದು ಕೇಳಿದರು.

ನಮ್ಮ ಆಪರೇಟರ್ ಹುಡುಗ ಆಗ ಮಾಡಿದ್ದು ಎಲ್ಲರೂ ಮಾಡುವುದನ್ನೇ. ವಿನ್ಯಾಸದ ತಂತ್ರಾಂಶವಾದ ಕೋರೆಲ್ ಡ್ರಾದಲ್ಲಿ ಫೈಲು ತೆರೆದು ಮೆಜೆಂಟಾವನ್ನು, ಅಂದರೆ ಕಡುಗುಲಾಬಿ ಬಣ್ಣವನ್ನು, ಮೂರಂಶ ಏರಿಸಿದ. ಮರುಮುದ್ರಿಸಿದ ಮುನ್ನೂರು ಪತ್ರಿಕೆ ಹೆಚ್ಚುಕಡಿಮೆ ಸರಿಹೋಯಿತು. ಮಧ್ಯಾಹ್ನ ಅವರು ಇನ್ನೂ ಇಪ್ಪತ್ತು ಬೇಕೆಂದರು. ಅಷ್ಟರಲ್ಲಿ ಯಂತ್ರ ಚೆನ್ನಾಗಿ ಬಿಸಿಯೇರಿತ್ತು, ತಿದ್ದಿದ ಅದೇ ಫೈಲು ಈ ಸಲ ಕಿತ್ತಳೆಯಾಗಿ ಹೊರಬಂತು.

ಬಣ್ಣ ಕೂಡದಿರುವುದಕ್ಕೆ ಮುಖ್ಯ ಕಾರಣ ಜ್ಞಾನದ ಕೊರತೆಯಲ್ಲ, ಕ್ರಮ ತಪ್ಪುವುದು. ಯಂತ್ರ ಅಲುಗಾಡುತ್ತಿರುವಾಗ ಫೈಲನ್ನು ತಿದ್ದುತ್ತೇವೆ. ಕಾಗದ ಒದ್ದೆಯಾಗಿರುವಾಗ ಪ್ರೊಫೈಲ್, ಅಂದರೆ ಯಂತ್ರ ಬಣ್ಣಗಳನ್ನು ಹೇಗೆ ಮುದ್ರಿಸುತ್ತದೆ ಎಂಬ ದಾಖಲೆ, ಮಾಡುತ್ತೇವೆ. ಟ್ಯೂಬ್‌ಲೈಟಿನ ಕೆಳಗೆ ನಿಂತು ತೀರ್ಪು ಕೊಡುತ್ತೇವೆ. ಕೆಳಗಿನ ಎಂಟು ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಬೇಕು. ಮೇಲಿನ ಹಂತವನ್ನು ಮುಟ್ಟಿದರೆ ಅದರ ಕೆಳಗಿನದನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ, ಹಾಗಾಗಿ ಜಿಗಿದರೆ ನಷ್ಟ ನಿಮ್ಮದೇ. ಇಲ್ಲಿ ಹೇಳುವುದು ಟೋನರ್, ಅಂದರೆ ಬಣ್ಣದ ಪುಡಿ, ಬಳಸುವ ಯಂತ್ರಗಳ ವಿಷಯ. ಇಂಕ್‌ಜೆಟ್ ಪ್ರೆಸ್ಸಿಗೂ ಕ್ರಮ ಇದೇ ಆದರೂ ಒಣಗುವ ಸಮಯದಂಥ ಸಂಗತಿಗಳು ಬೇರೆ.

ಇನ್ನೊಂದು ಮಾತು. ನಿಖರತೆ ಬೇರೆ, ಸ್ಥಿರತೆ ಬೇರೆ. ಗುರಿಯ ಬಣ್ಣಕ್ಕೆ ಹತ್ತಿರ ಬರುವುದು ನಿಖರತೆ. ಇವತ್ತು ಬಂದ ಬಣ್ಣ ನಾಳೆಯೂ ಬರುವುದು ಸ್ಥಿರತೆ. ಮೊದಲು ಸಾಧಿಸಬೇಕಾದದ್ದು ಸ್ಥಿರತೆಯನ್ನು. ದಿನಾ ಒಂದೇ ರೀತಿ ತಪ್ಪುವ ಯಂತ್ರವನ್ನು ಅರ್ಧ ದಿನದಲ್ಲಿ ಸರಿಮಾಡಬಹುದು. ದಿನಕ್ಕೊಂದು ರೀತಿ ತಪ್ಪುವ ಯಂತ್ರದ ಮುಂದೆ ಯಾವ ಪ್ರೊಫೈಲೂ ನಿಲ್ಲುವುದಿಲ್ಲ.

## ಕೈಗೆ ಬೇಕಾದ ಸಲಕರಣೆ

ಮೊದಲನೆಯದು ಬಣ್ಣವನ್ನು ಅಳೆದು ಅಂಕಿಯಲ್ಲಿ ಹೇಳುವ ಸ್ಪೆಕ್ಟ್ರೋಫೋಟೋಮೀಟರ್. ದುಬಾರಿ ಹೌದು, ಆದರೆ ಇದಿಲ್ಲದೆ ನಿಖರತೆಯ ಮಾತನ್ನೇ ಆಡುವಂತಿಲ್ಲ. ಅದರ ಜೊತೆ ಬರುವ ಬಿಳಿ ಬಿಲ್ಲೆ ಅದೇ ಉಪಕರಣಕ್ಕೆ ಹೊಂದಿಸಿದ್ದು, ಕ್ರಮಸಂಖ್ಯೆ ನೋಡಿಕೊಳ್ಳಿ. ಎರಡು ಉಪಕರಣಗಳಿರುವ ಕಡೆ ಬಿಲ್ಲೆಗಳು ಅದಲುಬದಲಾಗಿ ವಾರಗಟ್ಟಲೆ ತಪ್ಪು ಅಳತೆ ಬಂದದ್ದನ್ನು ನಾನು ನೋಡಿದ್ದೇನೆ. ಬಿಲ್ಲೆಯ ಮೇಲೆ ಬೆರಳಿನ ಗುರುತು ಬೀಳಬಾರದು.

ಸ್ಪೆಕ್ಟ್ರೋ ಇಲ್ಲದವರು ಯಂತ್ರದ ಸ್ಕ್ಯಾನರ್ ಗಾಜಿನ ಮೇಲೆ ಮುದ್ರಿಸಿದ ಬಣ್ಣದ ಪಟ್ಟಿ ಇಟ್ಟು ಮಾಡುವ ಕ್ಯಾಲಿಬ್ರೇಷನ್‌ನಿಂದ (ಯಂತ್ರವನ್ನು ನಿಗದಿತ ಸ್ಥಿತಿಗೆ ತರುವ ಹೊಂದಿಕೆ) ಸ್ಥಿರತೆಯನ್ನು ತಕ್ಕಮಟ್ಟಿಗೆ ಪಡೆಯಬಹುದು. ಪ್ರೊಫೈಲನ್ನು ಹೊರಗಿನವರಿಂದ ಮಾಡಿಸಿಕೊಳ್ಳಬಹುದು. ಕಣ್ಣಂದಾಜಿನಲ್ಲಿ ಪ್ರೊಫೈಲ್ ತಿದ್ದುವ ಸಾಹಸ ಮಾತ್ರ ಬೇಡ.

ಉಳಿದವು ಅಗ್ಗ. ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಗೋಡೆಯ ಮೀಟರ್, ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಉಕ್ಕಿನ ಸ್ಕೇಲು, ಹಗಲಿನ ಬೆಳಕನ್ನು ಹೋಲುವ ಡಿ50 ಬೆಳಕಿನ ದೀಪ, ಒಂದು ದಪ್ಪ ನೋಟ್‌ಬುಕ್. ಇವುಗಳ ಜೊತೆಗೆ ಎಂದೂ ಬದಲಾಗದ ಪರೀಕ್ಷಾ ಹಾಳೆಯೊಂದು ಬೇಕು. ನಮ್ಮದರಲ್ಲಿ ನಾಲ್ಕು ಬಣ್ಣಗಳ (ಸಿಯಾನ್ ಎಂಬ ತಿಳಿನೀಲಿ, ಮೆಜೆಂಟಾ, ಹಳದಿ, ಕಪ್ಪು) ಶೇ 10, 50, 100ರ ಚೌಕಗಳು, ಮೂರು ಬಣ್ಣ ಸೇರಿದ ಬೂದು ಪಟ್ಟಿ, ಮನುಷ್ಯರ ಮುಖವಿರುವ ಒಂದು ಫೋಟೋ, ಚಿಕ್ಕ ಕಪ್ಪು ಅಕ್ಷರಗಳು ಮತ್ತು ಒಂದು ಅಂಗೈಯಗಲ ಅರಿಶಿನ ಇವೆ. ಅರಿಶಿನ ಯಾಕೆಂದು ಹೇಳಬೇಕಿಲ್ಲ.

## 1. ಕೋಣೆ ಮತ್ತು ಕಾಗದ

ಟೋನರ್ ಕಾಗದಕ್ಕೆ ಹತ್ತುವುದು ವಿದ್ಯುತ್ ಆವೇಶದ ಸೆಳೆತದಿಂದ. ಕಾಗದ ತೇವ ಕುಡಿದರೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ಟೋನರ್ ಸಮನಾಗಿ ವರ್ಗವಾಗುವುದಿಲ್ಲ. ತೀರ ಒಣಗಿದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಎರಡೆರಡು ಒಳಹೋಗುತ್ತವೆ. ಮಂಗಳೂರಿನ ಜುಲೈ ತಿಂಗಳಲ್ಲಿ ಮೊದಲನೆಯ ಕಾಟ, ಕಲಬುರಗಿಯ ಏಪ್ರಿಲ್‌ನಲ್ಲಿ ಎರಡನೆಯದು. ಕೋಣೆಯನ್ನು 20ರಿಂದ 25 ಡಿಗ್ರಿ ಸೆಲ್ಸಿಯಸ್, ತೇವಾಂಶವನ್ನು ಶೇ 45ರಿಂದ 55ರ ಆಸುಪಾಸಿನಲ್ಲಿ ಇಡಲು ನೋಡಿ.

ಹೊಸ ಕಾಗದ ಬಂದರೆ ಹೊದಿಕೆ ಬಿಚ್ಚದೆ ಒಂದು ದಿನ ಯಂತ್ರದ ಕೋಣೆಯಲ್ಲೇ ಇರಲಿ. ಕಟ್ಟು ಒಡೆದ ಮೇಲೆ ಉಳಿದದ್ದನ್ನು ಅದೇ ಹೊದಿಕೆಯಲ್ಲಿ ಸುತ್ತಿ ಟೇಪು ಹಾಕಿ. ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ನಮ್ಮ ಲಗ್ನಪತ್ರಿಕೆಯ ಸೋಮವಾರದ ಕಾಗದ ಬೆಂಗಳೂರಿನ ಸುಲ್ತಾನಪೇಟೆಯ ಕಾಗದದ ಅಂಗಡಿಯಿಂದ ಮಳೆಯಲ್ಲಿ ಆಟೋದಲ್ಲಿ ಬಂದು, ಹತ್ತೇ ನಿಮಿಷದಲ್ಲಿ ಟ್ರೇ ಸೇರಿತ್ತು. ಮೊದಲ ತಪ್ಪು ಅಲ್ಲೇ ಆಗಿತ್ತು.

ಎಚ್ಚರಿಕೆಯ ಲಕ್ಷಣ: ಗಾಢ ಬಣ್ಣದ ಜಾಗದಲ್ಲಿ ಮೋಡ ಮೋಡದಂಥ ಕಲೆಗಳು, ಹಾಳೆಯ ಅಂಚು ಅಲೆಯಾಗಿ ಏಳುವುದು. ಹೊಸ ಕಟ್ಟು ಹಾಕಿದಾಗ ಮಾತ್ರ ಇವು ಕಂಡರೆ ಯಂತ್ರವನ್ನು ಬೈಯಬೇಡಿ.

## 2. ಯಂತ್ರದ ಆರೋಗ್ಯ

ಯಾವ ಅಳತೆಗೂ ಮುನ್ನ ಯಂತ್ರ ಬಿಸಿಯಾಗಬೇಕು. ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ಬರುವ ಹಾಳೆಗಳನ್ನು ನಂಬಬೇಡಿ. ಬಣ್ಣ ತುಂಬಿರುವ ಒಂದು ಪುಟವನ್ನು ರದ್ದಿ ಕಾಗದದ ಮೇಲೆ 30 ಪ್ರತಿ ಹೊಡೆದು, ಆಮೇಲೆ ಯಂತ್ರದ್ದೇ ಆದ ರಿಜಿಸ್ಟ್ರೇಷನ್ (ನಾಲ್ಕು ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು) ಮತ್ತು ಸಾಂದ್ರತೆ ಹೊಂದಿಕೆಗಳನ್ನು ನಡೆಸಿ.

ಈಗ ಸಿಯಾನ್, ಮೆಜೆಂಟಾ, ಹಳದಿ, ಕಪ್ಪು ಇವುಗಳ ಶೇ 50ರ ಬಣ್ಣವನ್ನು ಹಾಳೆ ತುಂಬ ಒಂದೊಂದಾಗಿ ಮುದ್ರಿಸಿ. ಎಡ, ನಡು, ಬಲ ಮೂರೂ ಕಡೆ ಅಳೆಯಿರಿ. ಅಂಚಿನಿಂದ ಅಂಚಿಗೆ ವ್ಯತ್ಯಾಸ 2 ಡೆಲ್ಟಾ ಇ ದಾಟಿದರೆ ಅಲ್ಲಿಗೇ ನಿಲ್ಲಿಸಿ ಸರ್ವೀಸ್‌ನವರನ್ನು ಕರೆಯುವುದು ನನ್ನ ಪದ್ಧತಿ. ಡೆಲ್ಟಾ ಇ ಎಂದರೆ ಎರಡು ಬಣ್ಣಗಳ ನಡುವಿನ ದೂರ. 1ರ ಹತ್ತಿರವಿದ್ದರೆ ಪಳಗಿದ ಕಣ್ಣಿಗೂ ಅನುಮಾನ. 5 ಆದರೆ ಯಾರಿಗಾದರೂ ಕಾಣುತ್ತದೆ. ಅಳತೆಯ ತಂತ್ರಾಂಶದಲ್ಲಿ ಡೆಲ್ಟಾ ಇ ಲೆಕ್ಕಕ್ಕೆ 2000ದ ಸೂತ್ರ (ಸಿಐಇಡಿಇ2000) ಆರಿಸಿಕೊಳ್ಳಿ. ಹಳೆಯ 76ರ ಸೂತ್ರ ಗಾಢ ಹಳದಿಗಳಲ್ಲಿ ವ್ಯತ್ಯಾಸವನ್ನು ಇರುವುದಕ್ಕಿಂತ ಬಹಳ ದೊಡ್ಡದಾಗಿ ತೋರಿಸುತ್ತದೆ.

ಕಲೆ ಅಥವಾ ಗೆರೆ ಕಂಡರೆ ಸ್ಕೇಲು ತೆಗೆದುಕೊಳ್ಳಿ. ಒಂದೇ ಕಲೆ ಹಾಳೆಯುದ್ದಕ್ಕೆ ಸಮ ಅಂತರದಲ್ಲಿ ಮರಳಿ ಮರಳಿ ಬರುತ್ತಿದ್ದರೆ ಆ ಅಂತರ ಯಾವುದೋ ಒಂದು ಉರುಳೆಯ ಸುತ್ತಳತೆ. ಚಿತ್ರ ಮೂಡುವ ಡ್ರಮ್ಮಿನದೊಂದು ಅಳತೆ, ಅದಕ್ಕೆ ಟೋನರ್ ಕೊಡುವ ಡೆವಲಪರ್ ಉರುಳೆಯದೊಂದು, ಶಾಖದಿಂದ ಟೋನರನ್ನು ಕಾಗದಕ್ಕೆ ಕೂರಿಸುವ ಫ್ಯೂಸರಿನದು ಮತ್ತೊಂದು. ಸರ್ವೀಸ್‌ನವರ ಬಳಿ ಇದರ ಪಟ್ಟಿ ಇರುತ್ತದೆ. ಕೇಳಿ ಪಡೆದು ಯಂತ್ರದ ಪಕ್ಕಕ್ಕೆ ಅಂಟಿಸಿ. ಕಲೆ ಒಂದೇ ಬಣ್ಣದಲ್ಲಿದ್ದರೆ ಆ ಬಣ್ಣದ ಡ್ರಮ್ ಕಡೆ ನೋಡಿ, ನಾಲ್ಕರಲ್ಲೂ ಇದ್ದರೆ ಟೋನರನ್ನು ಹೊತ್ತು ಕಾಗದಕ್ಕೆ ದಾಟಿಸುವ ಬೆಲ್ಟ್ ಅಥವಾ ಫ್ಯೂಸರ್ ಕಡೆ. ಹಾಳೆ ಚಲಿಸುವ ದಿಕ್ಕಿನಲ್ಲಿ ಉದ್ದಕ್ಕೆ ಒಂದೇ ಸಣ್ಣ ಗೆರೆ ಬಂದರೆ ಹೆಚ್ಚಾಗಿ ಅದು ಆವೇಶ ಕೊಡುವ ತಂತಿಗೆ ಹಿಡಿದ ಕೊಳೆ.

ಇಲ್ಲಿ ಆಗುವ ದೊಡ್ಡ ತಪ್ಪು, ನೋಡಿಯೂ ಮುಂದಕ್ಕೆ ಹೋಗುವುದು. "ಕ್ಯಾಲಿಬ್ರೇಷನ್ ಮಾಡಿದರೆ ಸರಿಹೋಗುತ್ತದೆ" ಎಂಬ ಸಮಾಧಾನ. ಎಡಭಾಗ ಗಾಢ, ಬಲಭಾಗ ತೆಳು ಇರುವ ಹಾಳೆಯನ್ನು ಕ್ಯಾಲಿಬ್ರೇಷನ್ ಒಟ್ಟಾಗಿ ತಿದ್ದುತ್ತದೆಯೇ ಹೊರತು ಎರಡು ಬದಿಗೆ ಬೇರೆ ಬೇರೆಯಾಗಿ ಅಲ್ಲ.

## 3. ಯಂತ್ರಕ್ಕೆ ಕಾಗದದ ಪರಿಚಯ ಮಾಡಿಕೊಡಿ

ಟ್ರೇ ಸೆಟ್ಟಿಂಗಿನಲ್ಲಿ ಎಲ್ಲಕ್ಕೂ 'ಪ್ಲೇನ್' ಎಂದೇ ಬಿಟ್ಟು 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಆರ್ಟ್ ಬೋರ್ಡ್ ಹಾಕುವವರಿದ್ದಾರೆ. ಯಂತ್ರಕ್ಕೆ ಕಣ್ಣಿಲ್ಲ. ನೀವು ಹೇಳಿದ ತೂಕ ಮತ್ತು ಲೇಪನದ ಆಧಾರದ ಮೇಲೆಯೇ ಅದು ಫ್ಯೂಸರಿನ ಶಾಖ, ವೇಗ ಮತ್ತು ಟೋನರ್ ವರ್ಗಾಯಿಸುವ ವೋಲ್ಟೇಜನ್ನು ನಿರ್ಧರಿಸುತ್ತದೆ. ನೀವು ಬಳಸುವ ಪ್ರತಿ ಕಾಗದಕ್ಕೂ ಕಾಗದದ ಪಟ್ಟಿಯಲ್ಲಿ ಒಂದು ಹೆಸರು ಕೊಟ್ಟು, ಜಿಎಸ್‌ಎಂ ಮತ್ತು ಲೇಪನವನ್ನು ಸರಿಯಾಗಿ ತುಂಬಿ ಉಳಿಸಿ.

ಆಮೇಲೆ ಎರಡು ಪರೀಕ್ಷೆ. ಗಾಢವಾಗಿ ಮುದ್ರಿಸಿದ ಜಾಗವನ್ನು ಮಡಚಿ, ಉಗುರಿನಿಂದ ಗೀರಿ. ಟೋನರ್ ಪುಡಿಯಾಗಿ ಉದುರಿದರೆ ಶಾಖ ಸಾಲದು. ಎರಡನೆಯದಾಗಿ, ಸಿಯಾನ್ 100 ಮತ್ತು ಮೆಜೆಂಟಾ 100 ಸೇರಿದ ನೀಲಿ ಚೌಕವನ್ನು ಲೂಪಿನಲ್ಲಿ ನೋಡಿ. ಅಲ್ಲಿ ಎರಡು ಪದರ ಟೋನರ್ ಒಂದೇ ಸಲ ಕಾಗದಕ್ಕೆ ಇಳಿಯಬೇಕು, ಹಾಗಾಗಿ ವೋಲ್ಟೇಜ್ ತಪ್ಪಿದ್ದರೆ ಮೊದಲು ಕೆಡುವುದು ಅದೇ. ಕಾಳು ಕಾಳಾಗಿ ಕಂಡರೆ ಎರಡನೆಯ ವರ್ಗಾವಣೆಯ, ಅಂದರೆ ಬೆಲ್ಟಿನಿಂದ ಕಾಗದಕ್ಕೆ ಟೋನರ್ ದಾಟಿಸುವ, ವೋಲ್ಟೇಜನ್ನು ಒಂದೊಂದೇ ಮೆಟ್ಟಿಲು ಬದಲಿಸಿ ಮತ್ತೆ ಮುದ್ರಿಸಿ ನೋಡಿ.

ಹಾಫ್‌ಟೋನ್ ವಿನ್ಯಾಸವನ್ನೂ (ಬಣ್ಣದ ಛಾಯೆಯನ್ನು ಕಟ್ಟುವ ಚುಕ್ಕಿಗಳ ಜೋಡಣೆ) ಇಲ್ಲೇ ಆರಿಸಿ ಬಿಗಿ ಮಾಡಿಬಿಡಿ. ಕ್ಯಾಲಿಬ್ರೇಷನ್ ಆದ ಮೇಲೆ ಅದನ್ನು ಬದಲಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

## 4. ಕ್ಯಾಲಿಬ್ರೇಷನ್

ಕ್ಯಾಲಿಬ್ರೇಷನ್ ಮತ್ತು ಪ್ರೊಫೈಲ್ ಎರಡನ್ನೂ ಒಂದೇ ಎಂದು ತಿಳಿದವರು ಬಹಳ. ತಂಬೂರಿಯನ್ನು ದಿನಾ ಶ್ರುತಿ ಮಾಡುವಂಥದ್ದು ಕ್ಯಾಲಿಬ್ರೇಷನ್. ಶ್ರುತಿಯಾದ ಆ ತಂಬೂರಿ ಹೇಗೆ ಕೇಳಿಸುತ್ತದೆ ಎಂಬ ದಾಖಲೆ ಪ್ರೊಫೈಲ್. ಶ್ರುತಿ ತಪ್ಪಿದರೆ ದಾಖಲೆಗೆ ಅರ್ಥವಿಲ್ಲ.

ಮೊದಲು ಯಂತ್ರದ ಒಳಗಿನ ಗ್ರೇಡೇಷನ್ (ತೆಳುವಿನಿಂದ ಗಾಢದವರೆಗಿನ ಛಾಯೆಗಳ) ಹೊಂದಿಕೆ, ಅದು ಮುಗಿದ ಮೇಲೆ ಫೈಲನ್ನು ಮುದ್ರಣದ ಚುಕ್ಕಿಗಳಾಗಿಸುವ ತಂತ್ರಾಂಶವಾದ ರಿಪ್‌ನ ಕ್ಯಾಲಿಬ್ರೇಷನ್. ಈ ಎರಡು ತಿರುವುಮುರುವಾದರೆ, ಈಗಷ್ಟೇ ಅಳೆದ ನೆಲವನ್ನೇ ಅಗೆದಂತೆ.

ಪಟ್ಟಿ ಮುದ್ರಿಸಿದ ಕೂಡಲೇ ಅಳೆಯಬೇಡಿ, ಹಾಳೆ ತಣ್ಣಗಾಗಲಿ. ಅಳೆಯುವ ಹಾಳೆಯ ಕೆಳಗೆ ಅದೇ ಕಾಗದದ ಮೂರು ಖಾಲಿ ಹಾಳೆಗಳಿರಲಿ. ಒಂದು ದಿನ ಕಪ್ಪು ಮೇಜಿನ ಮೇಲೆ, ಇನ್ನೊಂದು ದಿನ ಬಿಳಿ ಹಾಳೆಗಳ ಮೇಲೆ ಇಟ್ಟು ಅಳೆದರೆ ತೆಳುಕಾಗದದಲ್ಲಿ ಅಂಕಿಗಳೇ ಬೇರೆ ಬರುತ್ತವೆ. ಸ್ಪೆಕ್ಟ್ರೋವನ್ನು ಸ್ಕೇಲಿನ ಮೇಲೆ ಒಂದೇ ವೇಗದಲ್ಲಿ ಎಳೆಯಿರಿ. ತಡವರಿಸಿದರೆ ಆ ಸಾಲನ್ನು ಮತ್ತೆ ಓದಿ.

ಎಷ್ಟು ಸಲ ಮಾಡಬೇಕು? ಪ್ರತಿದಿನ ಬೆಳಿಗ್ಗೆ ಯಂತ್ರ ಬಿಸಿಯಾದ ಮೇಲೆ ಒಮ್ಮೆ. ಬಣ್ಣದಲ್ಲಿ ಮಾತು ಬರುವಂಥ ಕೆಲಸಕ್ಕೆ ಮುಂಚೆ ಇನ್ನೊಮ್ಮೆ. ಟೋನರ್ ಬಿಟ್ಟು ಬೇರೆ ಯಾವ ಭಾಗ ಬದಲಿಸಿದರೂ ಕಡ್ಡಾಯ. ಮಳೆ ಹಿಡಿದ ದಿನ ಮಧ್ಯಾಹ್ನವೂ ಮಾಡುತ್ತೇವೆ. ಹತ್ತು ನಿಮಿಷದ ಕೆಲಸ. ನಮ್ಮ ಸೋಮವಾರದ ಮುನ್ನೂರು ಪತ್ರಿಕೆ ಶುಕ್ರವಾರ ಬೆಳಿಗ್ಗೆಯ ಕ್ಯಾಲಿಬ್ರೇಷನ್ ಮೇಲೆ, ತಣ್ಣಗಿದ್ದ ಯಂತ್ರದಲ್ಲಿ ಹೋಗಿದ್ದವು. ಎರಡನೆಯ ತಪ್ಪು.

ಒಂದು ಮಿತಿಯನ್ನು ತಿಳಿದಿರಬೇಕು. ಹೆಚ್ಚಿರುವುದನ್ನು ಕ್ಯಾಲಿಬ್ರೇಷನ್ ತಗ್ಗಿಸಬಲ್ಲದು, ಇಲ್ಲದ್ದನ್ನು ತರಲಾರದು. ಅಳತೆಯ ಚಿತ್ರದಲ್ಲಿ ಮೆಜೆಂಟಾದ ಗರಿಷ್ಠ ಸಾಂದ್ರತೆ ಗುರಿಗಿಂತ ಕೆಳಗಿದ್ದರೆ ಯಂತ್ರಕ್ಕೆ ಅಷ್ಟು ಟೋನರ್ ಹಾಕುವ ತ್ರಾಣವೇ ಇಲ್ಲ ಎಂದರ್ಥ, 2ನೇ ಹಂತಕ್ಕೆ ಹಿಂತಿರುಗಿ. ಆಗ ಹಲವರು ಮಾಡುವ ಕಿತಾಪತಿಯೆಂದರೆ, ಇವತ್ತಿನ ಅಳತೆಯನ್ನೇ ಹೊಸ ಗುರಿಯೆಂದು ಉಳಿಸಿಬಿಡುವುದು. ತೂಕ ಸರಿಬರಲಿಲ್ಲವೆಂದು ತೂಕದ ಕಲ್ಲನ್ನೇ ಉಜ್ಜಿದ ಹಾಗೆ. ಪರದೆಯ ಮೇಲೆ ಎಲ್ಲ ಹಸಿರು ಟಿಕ್ ಕಾಣುತ್ತದೆ, ಟ್ರೇಯಲ್ಲಿ ಬಣ್ಣ ದಿನೇ ದಿನೇ ಬಾಡುತ್ತದೆ.

## 5. ಪ್ರೊಫೈಲ್

ಮೇಲಿನ ನಾಲ್ಕೂ ಸರಿಯಿದ್ದ ದಿನ, ಕ್ಯಾಲಿಬ್ರೇಷನ್ ಆದ ಅರ್ಧ ಗಂಟೆಯೊಳಗೆ ಪ್ರೊಫೈಲಿನ ಚಾರ್ಟ್ ಮುದ್ರಿಸಿ. ಐಟಿ8.7/4 ಚಾರ್ಟಿನಲ್ಲಿ 1617 ಚೌಕಗಳಿವೆ, ಅದು ಸಾಕು. ಚೌಕಗಳನ್ನು ಕಲಸಿದ ವಿನ್ಯಾಸವನ್ನು ಆರಿಸಿ. ಬಣ್ಣದ ಕ್ರಮದಲ್ಲಿ ಜೋಡಿಸಿದ್ದರೆ ಎಡಬಲದ ಸಣ್ಣ ವ್ಯತ್ಯಾಸವೂ ಒಂದೇ ಬಣ್ಣದ ಮೇಲೆ ಬೀಳುತ್ತದೆ. ಹತ್ತು ಪ್ರತಿ ಹೊಡೆದು ಕೊನೆಯ ಮೂರನ್ನು ಅಳೆದು ಸರಾಸರಿ ತೆಗೆಯಿರಿ.

ಸ್ಪೆಕ್ಟ್ರೋದಲ್ಲಿ ಅಳತೆಯ ಸ್ಥಿತಿ (ಯಾವ ಬೆಳಕಿನಲ್ಲಿ ಅಳೆಯಬೇಕೆಂಬ ಆಯ್ಕೆ) ಎಂ1 ಇರಲಿ. ಇಂದಿನ ಬಹುತೇಕ ಬಿಳಿ ಕಾಗದಗಳಲ್ಲಿ ಹೊಳಪು ಕೊಡುವ ರಾಸಾಯನಿಕವಿರುತ್ತದೆ. ಅದು ಅತಿನೇರಳೆ ಕಿರಣವನ್ನು ಹೀರಿ ನೀಲಿಯಾಗಿ ಹೊಮ್ಮಿಸುತ್ತದೆ, ನೀಲ ಹಾಕಿದ ಪಂಚೆಯ ಹಾಗೆ. ಎಂ1 ಸ್ಥಿತಿ ಆ ಪರಿಣಾಮವನ್ನು ಡಿ50 ಬೆಳಕಿನಲ್ಲಿ ಕಾಣುವಂತೆಯೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಎಂ2 ಅದನ್ನು ಪೂರ್ತಿ ಬಿಟ್ಟುಬಿಡುತ್ತದೆ. ಕ್ಯಾಲಿಬ್ರೇಷನ್, ಪ್ರೊಫೈಲ್, ತಪಾಸಣೆ ಮೂರಕ್ಕೂ ಒಂದೇ ಸ್ಥಿತಿ ಬಳಸಿ. ಶುಕ್ರವಾರದ ಕಾಗದಕ್ಕೂ ಸೋಮವಾರದ ಕಾಗದಕ್ಕೂ ಇದ್ದ ವ್ಯತ್ಯಾಸ ಇಲ್ಲಿ ಸಿಕ್ಕಿತು. ಹೊಸ ಕಟ್ಟು ಬೇರೆ ಕಂಪನಿಯದು, ಹೆಚ್ಚು ನೀಲಿ ಬಿಳುಪಿನದು. ಹಳದಿಯ ಕೆಳಗೆ ನೀಲಿ ಇಣುಕಿದರೆ ಅದು ವಾಲುವುದು ಹಸಿರಿಗೇ.

ಒಟ್ಟು ಟೋನರಿನ ಮಿತಿಯನ್ನು ಯಂತ್ರ ತಯಾರಕರು ಹೇಳಿದ್ದಕ್ಕಿಂತ ಮೇಲೆ ಇಡಬೇಡಿ. ಹೆಚ್ಚು ಟೋನರ್ ಹಾಕಿದರೆ ಕಪ್ಪು ಇನ್ನಷ್ಟು ಕಪ್ಪಾಗುವುದಿಲ್ಲ, ಮಡಚಿದಲ್ಲಿ ಸಿಡಿಯುತ್ತದೆ ಅಷ್ಟೆ.

ಪ್ರತಿ ಕಾಗದಕ್ಕೂ ಪ್ರೊಫೈಲ್ ಬೇಡ. ಹೊಳಪಿನ ಆರ್ಟ್, ಮ್ಯಾಟ್ ಆರ್ಟ್, ಲೇಪನವಿಲ್ಲದ ಮ್ಯಾಪ್‌ಲಿಥೋ, ದಪ್ಪ ಬೋರ್ಡ್ ಹೀಗೆ ನಾಲ್ಕೈದು ಕುಲಗಳಿಗೆ ಒಂದೊಂದು ಸಾಕು. ಹೆಸರಿನಲ್ಲಿ ಕಾಗದ, ಜಿಎಸ್‌ಎಂ, ಹಾಫ್‌ಟೋನ್ ಮತ್ತು ದಿನಾಂಕ ಇರಲಿ. 'ನ್ಯೂ ಫೈನಲ್ 2' ಎಂಬ ಹೆಸರಿನ ಪ್ರೊಫೈಲುಗಳನ್ನು ಅಳಿಸಲು ನಾನು ಒಂದು ಇಡೀ ಭಾನುವಾರ ಕಳೆದಿದ್ದೇನೆ.

## 6. ರಿಪ್‌ನ ಸೆಟ್ಟಿಂಗುಗಳು

ಬಣ್ಣ ಪರಿವರ್ತನೆ ಒಂದೇ ಕಡೆ ಆಗಬೇಕು. ಕೋರೆಲ್ ಒಮ್ಮೆ ಪರಿವರ್ತಿಸಿ, ಪಿಡಿಎಫ್ ಮಾಡುವಾಗ ಇನ್ನೊಮ್ಮೆ ಆಗಿ, ರಿಪ್‌ನಲ್ಲಿ ಮತ್ತೊಮ್ಮೆ ಆದರೆ ಮೂರು ಬಾರಿ ಕಾಯಿಸಿದ ಸಾರಿನ ಗತಿ. ನಾವು ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್-4 ಮಾಡಿ, ಬಣ್ಣಗಳನ್ನು ಇದ್ದ ಹಾಗೇ ಬಿಟ್ಟು, ಪರಿವರ್ತನೆಯನ್ನೆಲ್ಲ ರಿಪ್‌ಗೆ ವಹಿಸುತ್ತೇವೆ.

ರಿಪ್‌ನಲ್ಲಿ ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ) ಮೂಲಕ್ಕೆ ಸಾಮಾನ್ಯ ಮಾನದಂಡವಾದ ಎಸ್‌ಆರ್‌ಜಿಬಿ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ವಧೂವರರ ಫೋಟೋಗಳೆಲ್ಲ ಅದೇ ಎಂದು ತಿಳಿದರೆ ತಪ್ಪಾಗುವುದು ಅಪರೂಪ. ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣ) ಮೂಲಕ್ಕೆ ಲೇಪನದ ಕಾಗದವಾದರೆ ಆಫ್‌ಸೆಟ್ ಮುದ್ರಣದ ಬಣ್ಣದ ಮಾನದಂಡಗಳಾದ ಫೋಗ್ರಾ 39 ಅಥವಾ ಫೋಗ್ರಾ 51 ಎರಡರಲ್ಲಿ ಒಂದನ್ನು ಆರಿಸಿ. ಯಾವುದೆಂಬುದಕ್ಕಿಂತ ಡಿಟಿಪಿ (ಪುಟವಿನ್ಯಾಸ) ಮೇಜಿನಲ್ಲೂ ಅದೇ ಇರುವುದು ಮುಖ್ಯ. ಆಫ್‌ಸೆಟ್‌ಗೆ ಹೋಗುವ ಪುಸ್ತಕದ ಮಾದರಿ ಪ್ರತಿಯನ್ನು ಡಿಜಿಟಲ್‌ನಲ್ಲಿ ತೆಗೆಯುವವರಿಗಂತೂ ಇದು ಅನಿವಾರ್ಯ.

ರೆಂಡರಿಂಗ್ ಇಂಟೆಂಟ್ (ಯಂತ್ರಕ್ಕೆ ಎಟುಕದ ಬಣ್ಣವನ್ನು ಹೇಗೆ ಹೊಂದಿಸಬೇಕೆಂಬ ಆಯ್ಕೆ) ವಿಷಯದಲ್ಲಿ ದಿನದ ಕೆಲಸಕ್ಕೆ ರಿಲೇಟಿವ್ ಕಲರಿಮೆಟ್ರಿಕ್, ಫೋಟೋಗಳಿಗೆ ಪರ್ಸೆಪ್ಚುವಲ್. ಅಬ್ಸಲ್ಯೂಟ್ ಎಂಬುದು ಬೇರೆ ಕಾಗದದ ಬಿಳುಪನ್ನೂ ಅನುಕರಿಸುವ ಪ್ರೂಫ್‌ಗಾಗಿ (ಮುದ್ರಣಕ್ಕೆ ಮುನ್ನದ ಮಾದರಿ ಪ್ರತಿ) ಇರುವುದು. ಖಾಲಿ ಇರಬೇಕಾದ ಜಾಗದಲ್ಲಿ ನವಿರಾದ ಚುಕ್ಕಿಗಳು, ಬಿಳುಪಿಗೆ ಒಂದು ಛಾಯೆ ಕಂಡರೆ ಯಾರೋ ಅಬ್ಸಲ್ಯೂಟ್ ಒತ್ತಿದ್ದಾರೆ.

ಕಪ್ಪು ಅಕ್ಷರ ಕಪ್ಪು ಟೋನರಿನಿಂದ ಮಾತ್ರ ಬರುವಂತೆ ಸೆಟ್ಟಿಂಗ್ ಹಾಕಿ. ಕನ್ನಡದ ಒತ್ತಕ್ಷರಗಳು ಚಿಕ್ಕ ಗಾತ್ರದಲ್ಲಿ ನಾಲ್ಕು ಬಣ್ಣಗಳಿಂದ ಮುದ್ರಣವಾದರೆ, ರಿಜಿಸ್ಟ್ರೇಷನ್ ಕೂದಲೆಳೆ ತಪ್ಪಿದರೂ 'ಷ್ಟ್ರ' ಎಂಬುದು ಮಸಿಯ ಉಂಡೆಯಾಗುತ್ತದೆ. ಎಂಎಸ್ ವರ್ಡ್‌ನಿಂದ ಬಂದ ಫೈಲುಗಳಲ್ಲಿ ಅಕ್ಷರ ಆರ್‌ಜಿಬಿ ಕಪ್ಪಾಗಿರುವುದರಿಂದ ಈ ತೊಂದರೆ ಹೆಚ್ಚು.

## 7. ಫೈಲು, ಈಗ ಮಾತ್ರ

ನಮ್ಮ ಅರಿಶಿನದ ಕಥೆ ಇಲ್ಲಿಗೆ ಬಂದು ಮುಟ್ಟುತ್ತದೆ. ಫೈಲಿನಲ್ಲಿ ಆ ಬಣ್ಣ ಹಳದಿ 96, ಮೆಜೆಂಟಾ 14, ಸಿಯಾನ್ 4 ಎಂದಿತ್ತು. ವಿನ್ಯಾಸಕಾರರು ಯಾವುದೋ ಫೋಟೋದಿಂದ ಬಣ್ಣ ಹೀರಿಕೊಂಡಿದ್ದರು. ಆ 4 ಸಿಯಾನ್‌ನಿಂದ ಲಾಭವೇನೂ ಇಲ್ಲ, ಅಪಾಯ ಮಾತ್ರ ಬಹಳ. ಯಾವ ಟೋನರ್ ಯಂತ್ರದಲ್ಲೂ ಅತಿ ಹೆಚ್ಚು ಅಲುಗಾಡುವುದು ಶೇ 10ಕ್ಕಿಂತ ಕೆಳಗಿನ ಚುಕ್ಕಿಗಳು. ಒಂದು ದಿನ 4 ಎಂಬುದು 2 ಆಗುತ್ತದೆ, ಇನ್ನೊಂದು ದಿನ 7. ನೀಲಿ ಹಿನ್ನೆಲೆಯಲ್ಲಿ ಇದು ಯಾರಿಗೂ ಕಾಣದು. ಹಳದಿಯಲ್ಲಿ ಸಿಯಾನ್ ಎಂದರೆ ಹಾಲಿಗೆ ಬಿದ್ದ ಹುಳಿ.

ಲೂಪಿನಡಿ ಶುಕ್ರವಾರದ ಪತ್ರಿಕೆಯಲ್ಲಿ ನೀಲಿ ಚುಕ್ಕಿಗಳನ್ನು ಹುಡುಕಬೇಕಿತ್ತು. ಸೋಮವಾರದ್ದರಲ್ಲಿ ಅವು ರಾಗಿ ಚೆಲ್ಲಿದಂತೆ ಎದ್ದು ಕಾಣುತ್ತಿದ್ದವು. ಆಪರೇಟರ್ ಮೆಜೆಂಟಾ ಏರಿಸಿದ್ದು ಆ ನೀಲಿಯನ್ನು ಮುಚ್ಚಲು. ಮಧ್ಯಾಹ್ನ ನೀಲಿ ತಾನಾಗಿ ಇಳಿದಾಗ ಮೆಜೆಂಟಾ ಒಂಟಿಯಾಗಿ ಉಳಿದು ಕಿತ್ತಳೆಯಾಯಿತು.

ಆದ್ದರಿಂದ ಸಮತಟ್ಟಾದ ಬಣ್ಣಗಳನ್ನು ಎರಡೇ ಟೋನರಿನಲ್ಲಿ ಕಟ್ಟಿ. ಅರಿಶಿನಕ್ಕೆ ಹಳದಿ 100, ಮೆಜೆಂಟಾ 15ರಿಂದ 20. ಕುಂಕುಮಕ್ಕೆ ಮೆಜೆಂಟಾ 100, ಹಳದಿ 100. ಗಾಢವಾಗಬೇಕಿದ್ದರೆ ಸಿಯಾನ್ ಬದಲು ಸ್ವಲ್ಪ ಕಪ್ಪು. ನವೆಂಬರ್‌ನಲ್ಲಿ ಕನ್ನಡ ಬಾವುಟದ ಕೆಲಸ ಸಾಲುಗಟ್ಟಿ ಬರುವಾಗ ಈ ಎರಡು ಬಣ್ಣಗಳೇ ಮರ್ಯಾದೆ ಉಳಿಸುತ್ತವೆ. ಇದು ಯಂತ್ರದ ತಪ್ಪನ್ನು ಫೈಲಿನಲ್ಲಿ ಮುಚ್ಚುವುದಲ್ಲ. ಯಂತ್ರ ಅಲುಗಾಡಿದರೂ ತಡೆದುಕೊಳ್ಳುವ ಬಣ್ಣವನ್ನು ಆರಿಸುವುದು. ಎರಡಕ್ಕೂ ವ್ಯತ್ಯಾಸವಿದೆ.

ಒಂದು ಕೊಂಡಿ ಮಾತ್ರ ಮರೆಯಬೇಡಿ. ನೀವು ಸಿಯಾನ್ ಸೊನ್ನೆ ಮಾಡಿ ಕೊಟ್ಟರೂ, ರಿಪ್ ಫೋಗ್ರಾದಿಂದ ನಿಮ್ಮ ಯಂತ್ರದ ಪ್ರೊಫೈಲಿಗೆ ಪರಿವರ್ತಿಸುವಾಗ ಒಂದೆರಡಂಶ ಸಿಯಾನ್ ಮತ್ತೆ ಸೇರಿಸಬಹುದು. ಶುದ್ಧ ಬಣ್ಣಗಳನ್ನು ಹಾಗೇ ಉಳಿಸುವ ಆಯ್ಕೆ ರಿಪ್‌ನಲ್ಲಿದ್ದರೆ ಬಳಸಿ. ಇಲ್ಲವಾದರೆ ಆ ಅರಿಶಿನವನ್ನು ಹೆಸರಿಟ್ಟ ಸ್ಪಾಟ್ ಬಣ್ಣವಾಗಿ (ಉಳಿದವುಗಳಿಂದ ಪ್ರತ್ಯೇಕವಾಗಿ ನಿರ್ವಹಿಸುವ ಬಣ್ಣ) ಮಾಡಿ, ರಿಪ್‌ನ ಸ್ಪಾಟ್ ಪಟ್ಟಿಯಲ್ಲಿ ಅದಕ್ಕೆ ಸ್ಪೆಕ್ಟ್ರೋ ಅಳೆದುಕೊಡುವ ಎಲ್, ಎ, ಬಿ ಮೌಲ್ಯ ಕೊಡಿ. ಗಿರಾಕಿಯ ಲಾಂಛನದ ಪ್ಯಾಂಟೋನ್ (ಸಂಖ್ಯೆಯಿಂದ ಗುರುತಿಸುವ ಸಿದ್ಧ) ಬಣ್ಣಗಳಿಗೂ ಇದೇ ದಾರಿ. ಕೆಲವು ಪ್ಯಾಂಟೋನ್ ಕಿತ್ತಳೆ, ನೇರಳೆ, ಹಸಿರುಗಳು ನಾಲ್ಕು ಟೋನರಿನ ಕೈಗೆ ಎಟುಕುವುದಿಲ್ಲ. ಅದನ್ನು ಮುಂಗಡ ತೆಗೆದುಕೊಳ್ಳುವ ಮೊದಲೇ ಹೇಳಿಬಿಡಿ.

## 8. ನೋಟ, ತಪಾಸಣೆ, ದಾಖಲೆ

ಅಂಗಡಿಯ ಎಲ್‌ಇಡಿ ಟ್ಯೂಬಿನಡಿ ಒಪ್ಪಿದ ಬಣ್ಣ ಬಾಗಿಲಾಚೆ ಬಿಸಿಲಿಗೆ ಹೋದಾಗ ಬೇರೆಯೇ ಆಗಬಹುದು. ಬಣ್ಣ ನೋಡಲು ಐಎಸ್ಒ 3664 ಮಾನದಂಡ ಹೇಳುವುದು ಡಿ50 ಬೆಳಕು. ಎರಡು ಮುದ್ರಣಗಳನ್ನು ಹೋಲಿಸಲು 2000 ಲಕ್ಸ್, ಸಾಮಾನ್ಯ ನೋಟಕ್ಕೆ 500 ಲಕ್ಸ್. ದೀಪ ಕೊಳ್ಳುವವರೆಗೆ, ಬಿಸಿಲು ನೇರ ಬೀಳದ ಉತ್ತರದ ಕಿಟಕಿಯ ಪಕ್ಕ, ಬೂದು ಹಾಳೆಯ ಮೇಲಿಟ್ಟು ನೋಡಿ. ಗಿರಾಕಿಗೂ ಅಲ್ಲೇ ತೋರಿಸಿ, ಅಲ್ಲೇ ಸಹಿ ಪಡೆಯಿರಿ. ಲ್ಯಾಮಿನೇಷನ್ ಇದ್ದರೆ ಲ್ಯಾಮಿನೇಷನ್ ಆದ ಹಾಳೆಗೇ ಸಹಿಯಾಗಬೇಕು. ಹೊಳಪಿನ ಪದರ ಬಣ್ಣವನ್ನು ಗಾಢ ಮಾಡುತ್ತದೆ, ಮ್ಯಾಟ್ ಪದರ ಕಪ್ಪನ್ನು ಸ್ವಲ್ಪ ಬೂದಾಗಿಸುತ್ತದೆ.

ಕಣ್ಣಿನ ಜೊತೆಗೆ ಅಳತೆಯೂ ಬೇಕು. 72 ಚೌಕಗಳ ಉಗ್ರಾ/ಫೋಗ್ರಾ ಮೀಡಿಯಾ ವೆಡ್ಜ್ ಪಟ್ಟಿಯನ್ನು ವಾರಕ್ಕೊಮ್ಮೆ ಮುದ್ರಿಸಿ ಅಳೆಯಿರಿ. ಪ್ರೂಫ್‌ಗಾಗಿ ಇರುವ ಐಎಸ್ಒ 12647-7ರಲ್ಲಿ ಸರಾಸರಿ ಡೆಲ್ಟಾ ಇ 2.5ರ ಒಳಗಿರಬೇಕೆಂದಿದೆ. ಲಗ್ನಪತ್ರಿಕೆಗೆ, ಕೈಪಿಡಿಗೆ ಅಷ್ಟು ಬಿಗಿ ಬೇಡ. ಆದರೆ ಈ ವಾರ 2.2 ಇದ್ದದ್ದು ಮುಂದಿನ ವಾರ 3.4 ಆದರೆ ಏನೋ ಜಾರುತ್ತಿದೆ. ಕ್ಯಾಲಿಬ್ರೇಷನ್ ಆದ ಮೇಲೂ ಅದು ಇಳಿಯದಿದ್ದರೆ ಮಾತ್ರ ಹೊಸ ಪ್ರೊಫೈಲಿನ ಯೋಚನೆ ಮಾಡಿ.

ದೊಡ್ಡ ಕೆಲಸದಲ್ಲಿ ಹಾಳೆಯ ಕತ್ತರಿಸಿ ಹೋಗುವ ಅಂಚಿನಲ್ಲಿ ನಾಲ್ಕು ಬಣ್ಣಗಳ ಚಿಕ್ಕ ಚೌಕಗಳನ್ನು ಕೂರಿಸಿ, ಪ್ರತಿ 200 ಹಾಳೆಗೊಮ್ಮೆ ಒಂದನ್ನು ಎಳೆದು ಸಹಿಯಾದ ಹಾಳೆಯ ಪಕ್ಕ ಇಟ್ಟು ನೋಡಿ. ಅಳತೆಯಲ್ಲಿ ವ್ಯತ್ಯಾಸ 2 ಡೆಲ್ಟಾ ಇ ದಾಟಿದರೆ ನಿಲ್ಲಿಸಿ. ಐನೂರು ಹಾಳೆ ಆದ ಮೇಲೆ ತಿಳಿಯುವುದಕ್ಕಿಂತ ಇದು ಅಗ್ಗ.

## ಲಕ್ಷಣ ಕಂಡಾಗ ಎಲ್ಲಿ ನೋಡಬೇಕು

ಮೊದಲ ಇಪ್ಪತ್ತು ಮೂವತ್ತು ಹಾಳೆ ಬೇರೆ, ಆಮೇಲೆ ಸರಿ: ಯಂತ್ರ ಬಿಸಿಯಾಗಿಲ್ಲ.

ಬೂದು ಬಣ್ಣ ಗುಲಾಬಿಗೋ ಹಸಿರಿಗೋ ವಾಲಿದೆ, ಗಾಢ ಬಣ್ಣಗಳು ಸರಿಯಿವೆ: ಕ್ಯಾಲಿಬ್ರೇಷನ್ ಹಳತಾಗಿದೆ. ಮೂರು ಬಣ್ಣದ ಬೂದು ಪಟ್ಟಿ ಎಲ್ಲಕ್ಕಿಂತ ಮೊದಲು ಚಾಡಿ ಹೇಳುತ್ತದೆ.

ಫೋಟೋ ಮಾತ್ರ ಕೆಟ್ಟಿದೆ, ಹಿನ್ನೆಲೆ ಮತ್ತು ಅಕ್ಷರ ಸರಿಯಿವೆ: ರಿಪ್‌ನ ಆರ್‌ಜಿಬಿ ಮೂಲ ತಪ್ಪಿದೆ.

ಹಾಳೆಯ ಒಂದೇ ಬದಿ ತೆಳು: 2ನೇ ಹಂತ. ಬೇರೆ ಏನನ್ನೂ ಮುಟ್ಟಬೇಡಿ.

ದಪ್ಪ ಬೋರ್ಡಿನಲ್ಲಿ ಮಾತ್ರ ಮಬ್ಬು ಅಥವಾ ಹೊಳಪು ಕಡಿಮೆ: 3ನೇ ಹಂತ, ಕಾಗದದ ತೂಕ ತಪ್ಪಾಗಿ ನಮೂದಾಗಿದೆ.

ತಿಂಗಳ ನಂತರದ ಮರುಮುದ್ರಣ ಕೂಡುತ್ತಿಲ್ಲ, ತಪಾಸಣೆಯ ಪಟ್ಟಿ ಮಾತ್ರ ಸರಿಯಿದೆ: ಫೈಲು ಯಾರದೋ ಕೈಯಲ್ಲಿ ತಿದ್ದುಪಡಿಯಾಗಿದೆ, ಇಲ್ಲವೇ ಕಾಗದ ಬೇರೆ.

## ಮರುಮುದ್ರಣದ ಲಕೋಟೆ

ಮರಳಿ ಬರುವ ಸಾಧ್ಯತೆಯಿರುವ ಪ್ರತಿ ಕೆಲಸಕ್ಕೂ ನಾವೀಗ ಒಂದು ಕಂದು ಲಕೋಟೆ ಇಡುತ್ತೇವೆ. ಒಳಗೆ ಸಹಿಯಾದ ಎರಡು ಹಾಳೆ, ಬಿಸಿಲು ಬೀಳದ ಕಪಾಟಿನಲ್ಲಿ. ಹೊರಗೆ ಕಾಗದದ ಕಂಪನಿ ಮತ್ತು ಜಿಎಸ್‌ಎಂ, ಪ್ರೊಫೈಲಿನ ಹೆಸರು, ಇಂಟೆಂಟ್, ಸ್ಪಾಟ್ ಬಣ್ಣದ ಎಲ್, ಎ, ಬಿ ಮೌಲ್ಯ, ಕ್ಯಾಲಿಬ್ರೇಷನ್ ಮಾಡಿದ ದಿನ ಮತ್ತು ಗಂಟೆ. ಬರೆಯಲು ಎರಡು ನಿಮಿಷ.

ಎರಡು ವರ್ಷದ ಮೇಲೆ ಅದೇ ಮನೆಯವರು ಕಿರಿಯ ಮಗಳ ಲಗ್ನಪತ್ರಿಕೆಗೆ ಬಂದರು, ಅಕ್ಕನದೇ ಬಣ್ಣ ಬೇಕೆಂದರು. ಆ ಕಾಗದ ಅಷ್ಟರಲ್ಲಿ ಮಾರುಕಟ್ಟೆಯಲ್ಲಿ ಇರಲಿಲ್ಲ. ಬಿಳುಪು ಹತ್ತಿರವಿರುವ ಇನ್ನೊಂದನ್ನು ಅಳೆದು ಆರಿಸಿ, ಒಂದು ರಾತ್ರಿ ಕೋಣೆಯಲ್ಲಿಟ್ಟು, ಬೆಳಿಗ್ಗೆ ಕ್ಯಾಲಿಬ್ರೇಷನ್ ಮಾಡಿ, ಲಕೋಟೆಯ ಹಳೆಯ ಹಾಳೆಯಿಂದ ಅರಿಶಿನದ ಮೌಲ್ಯವನ್ನು ಮತ್ತೆ ಓದಿ ಸ್ಪಾಟ್ ಪಟ್ಟಿಗೆ ಹಾಕಿದೆವು. ವ್ಯತ್ಯಾಸ 1.6 ಬಂತು. ತಂದೆ ಎರಡೂ ಪತ್ರಿಕೆಗಳನ್ನು ಕಿಟಕಿಯ ಬಳಿ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು, "ಬಣ್ಣ ಇರಲಿ, ಛತ್ರದ ವಿಳಾಸದಲ್ಲಿ ಮೂರನೇ ಅಡ್ಡರಸ್ತೆ ಅಂತ ಹಾಕಿದ್ದೀರಿ. ನಾಲ್ಕನೇದು ಸ್ವಾಮಿ" ಎಂದರು.